ನೀಲಗಿರಿಯ ಹೊಳೆಗಳಲ್ಲಿ ಟ್ರೌಟ್ ಮೀನು

ನೀಲಗಿರಿ ಎಂಬ ಮಾತಿಗೆ ಕನ್ನಡಿಗರ ಬಾಯಲ್ಲಿ ಎರಡು ಅರ್ಥಗಳಿವೆ. ಗುಂಡ್ಲುಪೇಟೆಯ ದಾರಿಯಲ್ಲಿ ಬಂಡೀಪುರವನ್ನು ದಾಟಿ ಹೋದರೆ ಎದುರಾಗುವ ಪರ್ವತಶ್ರೇಣಿ ಒಂದು. ನಮ್ಮ ಗೋಮಾಳಗಳಲ್ಲಿಯೂ ರಸ್ತೆಯ ಬದಿಗಳಲ್ಲಿಯೂ ನೆಟ್ಟಗೆ ಬೆಳೆದು ನಿಂತಿರುವ ಮರ ಇನ್ನೊಂದು. ಈ ಮರದ ಹುಟ್ಟೂರು ಆಸ್ಟ್ರೇಲಿಯಾ. 1840ರ ದಶಕದಲ್ಲಿ ನೀಲಗಿರಿಯನ್ನು ಸೇರಿ, ಅಲ್ಲಿ ಕಾಡಿಗೆ ಕಾಡೇ ಆಗಿ ಹಬ್ಬಿದ್ದರಿಂದ ನಮ್ಮ ಜನ ಅದನ್ನು ಬೆಟ್ಟದ ಹೆಸರಿನಿಂದಲೇ ಕರೆದರು. ಅತಿಥಿಯಾಗಿ ಬಂದವನು ಮನೆಯ ಹೆಸರನ್ನೇ ಪಡೆದುಕೊಂಡಂತಾಯಿತು. ಇದೇ ಬೆಟ್ಟದ ಹೊಳೆಗಳಲ್ಲಿ ಇನ್ನೊಬ್ಬ ಅತಿಥಿಯೂ ಇದ್ದಾನೆ. ಮರದಷ್ಟು ಎದ್ದು ಕಾಣುವವನಲ್ಲ. ತಣ್ಣನೆಯ ನೀರಿನ ಕಲ್ಲುಗಳ ನಡುವೆ ಮಿಂಚಿ ಮರೆಯಾಗುವ ಟ್ರೌಟ್ ಮೀನು ಅದು. ಅದನ್ನು ಯಾರು, ಏಕೆ ತಂದರು, ಅದನ್ನು ಕಾಪಾಡಲು ಎಂಥ ಕಟ್ಟಳೆಗಳನ್ನು ಮಾಡಿದರು, ಆ ಕಟ್ಟಳೆಗಳು ಏನನ್ನು ಉಳಿಸಿದವು, ಏನನ್ನು ಮರೆತವು ಎಂಬುದೇ ಇಂದಿನ ಮಾತಿನ ವಿಷಯ.

ಇಂಗ್ಲಿಷರು ಬರುವ ಮುನ್ನ ನೀಲಗಿರಿ ಯಾರೂ ಅರಿಯದ ನಾಡಾಗಿತ್ತು ಎಂಬ ಭಾವನೆ ಕೆಲವು ಪ್ರವಾಸ ಗ್ರಂಥಗಳನ್ನು ಓದಿದವರಲ್ಲಿ ಮೂಡುವುದುಂಟು. ಅದು ಸರಿಯಲ್ಲ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು ತೊದವರನ್ನು ಬೆದರಿಸಿ ನೀಲಗಿರಿಯನ್ನು ವಶಪಡಿಸಿಕೊಂಡ ಸಂಗತಿ 1117ರ ಚಾಮರಾಜನಗರದ ಶಾಸನದಲ್ಲಿದೆ. ಮೈಸೂರು ಸೀಮೆಯಿಂದ, ಅಂದರೆ ಬಡಗು ದಿಕ್ಕಿನಿಂದ ಹೋದವರೆಂದೇ ಹೆಸರು ಪಡೆದ ಬಡಗರು ಆಡುವ ನುಡಿ ಕನ್ನಡಕ್ಕೆ ಅತಿ ಸಮೀಪದ್ದು. 2,637 ಮೀಟರ್ ಎತ್ತರದ ಶಿಖರಕ್ಕೆ ದೊಡ್ಡಬೆಟ್ಟವೆಂದೇ ಹೆಸರು. ಅಲ್ಲಿನ ತೊರೆಗಳ ಹೆಸರುಗಳನ್ನು ನೋಡಿ: ಸೀಗೂರು ಹಳ್ಳ, ಅವರಹಳ್ಳ, ಬಿಲ್ಲಿತಡಹಳ್ಳ. ಹಳ್ಳವೆಂಬ ನಮ್ಮ ಮಾತು ಆ ನೀರಿನ ಮೇಲೆ ಅಳಿಸಲಾಗದಂತೆ ಬರೆದಿದೆ. ಪೈಕಾರ ಹೊಳೆ ಇಳಿದು ಮೋಯಾರ್ ಆಗುತ್ತದೆ. ಅವಲಾಂಚಿಯ ನೀರು ಕುಂದಾ ಹೊಳೆಯನ್ನು ಸೇರುತ್ತದೆ. ಎರಡೂ ಭವಾನಿಯ ಮೂಲಕ ಕಾವೇರಿಯನ್ನೇ ಮುಟ್ಟುತ್ತವೆ.

ಈ ಹೊಳೆಗಳಿಗೆ ಸಂಬಂಧಿಸಿದ ಕಟ್ಟಳೆಗಳೂ ಇಂಗ್ಲಿಷರಿಗಿಂತ ಹಳೆಯವು. ತೊದವರ ನಂಬಿಕೆಯಲ್ಲಿ ಪೈಕಾರ ಮತ್ತು ಅವಲಾಂಚಿ ಹೊಳೆಗಳು ದೈವಗಳೇ. ಅವುಗಳನ್ನು ದಾಟುವ ತೊದವನು ಮೈಮೇಲಿನ ಪುತ್ಕುಳಿಯಿಂದ ಬಲತೋಳನ್ನು ಹೊರತೆಗೆದು ಗೌರವ ಸಲ್ಲಿಸುತ್ತಿದ್ದನು. ವಾರದ ಕೆಲವು ದಿನಗಳಲ್ಲಿ ದಾಟಲೇಬಾರದೆಂಬ ನಿಷೇಧವಿತ್ತು. ರಿವರ್ಸ್ ಎಂಬ ವಿದ್ವಾಂಸರು ತೊದವರನ್ನು ಕುರಿತು 1906ರಲ್ಲಿ ಪ್ರಕಟಿಸಿದ ಬೃಹದ್ಗ್ರಂಥದಲ್ಲಿ ಇದೆಲ್ಲದರ ವಿವರವಿದೆ. ತೊದವರು ಹಾಲು ಮಜ್ಜಿಗೆಗಳ ಜನ. ಮೀನಿನ ಗೊಡವೆ ಅವರಿಗಿರಲಿಲ್ಲ. ಆದ್ದರಿಂದ ಅವರ ಕಟ್ಟಳೆ ಮೀನನ್ನು ಕುರಿತದ್ದಲ್ಲ, ನೀರನ್ನು ಕುರಿತದ್ದು. ಈ ವ್ಯತ್ಯಾಸವನ್ನು ಕೇಳುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಗಾಳ ಹಾಕುವುದನ್ನು ಒಂದು ವಿನೋದವಾಗಿ ಬೆಳೆಸಿದವರೂ ಇಂಗ್ಲಿಷರೇ ಮೊದಲಿಗರಲ್ಲ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು 1130ರ ಸುಮಾರಿಗೆ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಭಾಗವೇ ಇದೆ. ಯಾವ ಮೀನು ಎಲ್ಲಿ ವಾಸಿಸುತ್ತದೆ, ಅದಕ್ಕೆ ಯಾವ ಎರೆ ಸೊಗಸು, ದಾರ ಎಂಥದಿರಬೇಕು, ಕೋಲು ಹೇಗಿರಬೇಕು ಎಂಬ ವಿಚಾರಗಳನ್ನು ದೊರೆ ಕ್ರಮವಾಗಿ ಹೇಳುತ್ತಾನೆ. ಮತ್ಸ್ಯಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು ಕಳೆದ ಶತಮಾನದ ನಡುವಿನಲ್ಲಿ ಈ ಭಾಗವನ್ನು ಪರಿಶೀಲಿಸಿ, ಅದರ ಹಿಂದಿರುವ ಪ್ರತ್ಯಕ್ಷಜ್ಞಾನವನ್ನು ವಿದ್ವಲ್ಲೋಕದ ಗಮನಕ್ಕೆ ತಂದರು. ಕನ್ನಡ ನಾಡಿನ ಅರಮನೆಯಲ್ಲಿ ಹುಟ್ಟಿದ ಈ ಗ್ರಂಥವನ್ನು ನಾವು ಅಡುಗೆಯ ಪ್ರಸ್ತಾಪ ಬಂದಾಗ ನೆನೆಯುವಷ್ಟು ಮೀನಿನ ಪ್ರಸ್ತಾಪ ಬಂದಾಗ ನೆನೆಯುವುದಿಲ್ಲ.

ಇರಲಿ. ಈಗ ಟ್ರೌಟ್ ಮೀನಿನ ವಿಚಾರಕ್ಕೆ ಬರೋಣ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ನೀಲಗಿರಿಯನ್ನು ಹತ್ತಿದ್ದು 1819ರಲ್ಲಿ. ಅನಂತರದ ಕೆಲವೇ ವರ್ಷಗಳಲ್ಲಿ ಉದಕಮಂಡಲದಲ್ಲಿ ಕಲ್ಲಿನ ಮನೆ ಎದ್ದಿತು, ಕೆರೆ ಕಟ್ಟಲಾಯಿತು. ಮದರಾಸಿನ ಸೆಕೆಯಿಂದ ಬೆಂದು ಬಂದ ಅಧಿಕಾರಿಗಳಿಗೆ ಆ ಚಳಿ, ಆ ಮಂಜು, ಆ ಹುಲ್ಲುಗಾವಲು ತಮ್ಮ ತಾಯ್ನಾಡನ್ನೇ ನೆನಪಿಗೆ ತಂದವು. ನೆನಪು ಬಂದಮೇಲೆ ಕೊರತೆಗಳೂ ಕಂಡವು. ಸೇಬು ಬಂತು, ಆಲೂಗಡ್ಡೆ ಬಂತು, ಗುಲಾಬಿ ಬಂತು. ಹೊಳೆಯಲ್ಲಿ ಟ್ರೌಟ್ ಮಾತ್ರ ಇರಲಿಲ್ಲ. ಇಂಗ್ಲೆಂಡು, ಸ್ಕಾಟ್ಲೆಂಡುಗಳ ಸಾಹುಕಾರರಿಗೆ ಆ ಮೀನನ್ನು ಹಿಡಿಯುವುದು ಆಹಾರದ ಪ್ರಶ್ನೆಗಿಂತ ಮಿಗಿಲಾಗಿ ಒಂದು ವ್ರತ. ಗರಿ ರೇಷ್ಮೆಗಳಿಂದ ಕಟ್ಟಿದ ಹುಸಿನೊಣವೊಂದನ್ನು ನೀರಿನ ಮೇಲೆ ಹಗುರವಾಗಿ ಇಳಿಸಿ, ಮೀನು ಅದನ್ನು ನಿಜದ ನೊಣವೆಂದು ನಂಬುವಂತೆ ಮಾಡುವುದೇ ಅದರ ಕಲೆ.

ಆದರೆ ಟ್ರೌಟನ್ನು ತರುವುದು ಸೇಬಿನ ಸಸಿಯನ್ನು ತಂದಷ್ಟು ಸುಲಭವಾಗಿರಲಿಲ್ಲ. ಅದು ತಣ್ಣೀರಿನ ಜೀವಿ. ನೀರು ಇಪ್ಪತ್ತು ಡಿಗ್ರಿ ಸೆಲ್ಸಿಯಸ್ ದಾಟಿ ಕಾಯಿತೆಂದರೆ ಅದಕ್ಕೆ ಉಸಿರು ಕಟ್ಟುತ್ತದೆ. ಮೀನನ್ನೇ ಉಷ್ಣವಲಯದ ಸಮುದ್ರಗಳ ಮೇಲೆ ತರುವುದು ಅಸಾಧ್ಯವಾದ್ದರಿಂದ ಮೊಟ್ಟೆಗಳನ್ನು ತರಬೇಕು. ಮೊಟ್ಟೆಯೊಳಗಿನ ಮರಿಗೆ ಕಣ್ಣು ಮೂಡಿ, ಹೊರಗಿನಿಂದ ಎರಡು ಕಪ್ಪು ಚುಕ್ಕೆಗಳಂತೆ ಕಾಣುವ ಹಂತ ಒಂದಿದೆ. ಆ ಹಂತದಲ್ಲಿ ಮಾತ್ರ ಅದು ಪ್ರಯಾಣವನ್ನು ತಾಳಿಕೊಳ್ಳುತ್ತದೆ. ಹಸಿ ಪಾಚಿಯಲ್ಲಿ ಸುತ್ತಿ, ಮಂಜುಗಡ್ಡೆಯ ನಡುವೆ ಇಟ್ಟರೆ ಬೆಳವಣಿಗೆ ನಿಧಾನವಾಗುತ್ತದೆ. ಈ ಉಪಾಯದಿಂದಲೇ 1864ರಲ್ಲಿ ‘ನಾರ್ಫಕ್’ ಎಂಬ ಹಡಗು ಇಂಗ್ಲೆಂಡಿನ ಟ್ರೌಟ್ ಮೊಟ್ಟೆಗಳನ್ನು ಟಾಸ್ಮೇನಿಯಾಕ್ಕೆ ಜೀವಂತವಾಗಿ ಮುಟ್ಟಿಸಿತು.

ಅದೇ 1860ರ ದಶಕದಲ್ಲಿ ನೀಲಗಿರಿಯಲ್ಲಿ ಇಂಥ ಯತ್ನಕ್ಕೆ ಕೈಹಾಕಿದವರು ಫ್ರಾನ್ಸಿಸ್ ಡೇ. ಇವರು ಮದರಾಸು ಸೈನ್ಯದ ವೈದ್ಯರು. ಮುಂದೆ ಭಾರತದ ಮೀನುಗಾರಿಕೆಯ ಇನ್ಸ್ಪೆಕ್ಟರ್ ಜನರಲ್ ಆಗಿ, ಭಾರತದ ಮೀನುಗಳನ್ನು ಕುರಿತ ಮಹಾಗ್ರಂಥವನ್ನು 1875ರಿಂದ 1878ರ ಅವಧಿಯಲ್ಲಿ ಹೊರತಂದವರು. ಟ್ರೌಟ್ ವಿಷಯದಲ್ಲಿ ಅವರ ಯತ್ನ ಫಲಿಸಲಿಲ್ಲ. ಅವರ ನಂತರ ಬಂದವರ ಯತ್ನಗಳೂ ನಾಲ್ಕು ದಶಕಗಳ ಕಾಲ ನೆಲೆ ನಿಲ್ಲಲಿಲ್ಲ.

ಆದರೆ ಡೇ ಅವರು ಇನ್ನೊಂದು ಕೆಲಸ ಮಾಡಿದರು. ಟ್ರೌಟ್ ಬರುವ ಮುನ್ನ ಆ ಹೊಳೆಗಳಲ್ಲಿ ಏನಿತ್ತು ಎಂಬುದನ್ನು ನೋಡಿ ಬರೆದಿಟ್ಟರು. ನೀಲಗಿರಿ ಬೆಟ್ಟಗಳ ಮತ್ತು ಅವುಗಳ ತಪ್ಪಲಿನ ನದಿಗಳ ಮೀನುಗಳನ್ನು ಕುರಿತ ಅವರ ಲೇಖನ ಬಂದದ್ದು 1867ರಲ್ಲಿ. ಅದರಲ್ಲಿ ಬೆರಳುದ್ದದ ಒಂದು ಚಿಕ್ಕ ಮೀನಿಗೆ ಅವರು ಬೆಟ್ಟದ ಹೆಸರನ್ನೇ ಇಟ್ಟರು. ಇಂದು ವಿಜ್ಞಾನಿಗಳು ಅದನ್ನು ‘ದೇವಾರಿಯೊ ನೀಲಘೆರಿಯೆನ್ಸಿಸ್’ ಎಂದು ಕರೆಯುತ್ತಾರೆ. ನಾವು ನೀಲಗಿರಿ ಡೇನಿಯೊ ಎನ್ನೋಣ. ಲೋಕದಲ್ಲಿ ಮತ್ತೆಲ್ಲಿಯೂ ಇಲ್ಲದ, ಆ ಬೆಟ್ಟದ ತೊರೆಗಳಲ್ಲಿ ಮಾತ್ರ ಇರುವ ಮೀನು ಇದು. ಅತಿಥಿಯನ್ನು ಕರೆತರಲು ಹೊರಟವರೇ ಮನೆಯವನ ಹೆಸರನ್ನೂ ದಾಖಲೆ ಮಾಡಿದರು.

ಇದೇ ಕಾಲದ ಇನ್ನೊಬ್ಬ ಅಧಿಕಾರಿ ನಮಗೆ ಹೆಚ್ಚು ಹತ್ತಿರದವರು. ಹೆನ್ರಿ ಸಲಿವನ್ ಥಾಮಸ್ ಅವರು ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದರು. ಗಾಳದ ಬೇಟೆಯನ್ನು ಕುರಿತ ಅವರ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕ, ಆ ವಿಷಯದಲ್ಲಿ ಇಂಗ್ಲಿಷರಿಗೆಲ್ಲ ಕೈಪಿಡಿಯಾದ ಪುಸ್ತಕ, 1873ರಲ್ಲಿ ಅಚ್ಚಾದದ್ದು ಲಂಡನ್ನಿನಲ್ಲಲ್ಲ, ಮಂಗಳೂರಿನಲ್ಲಿ. ಕಿಟ್ಟೆಲರ ನಿಘಂಟು 1894ರಲ್ಲಿ ಹೊರಬಂದದ್ದೂ ಅದೇ ಊರಿನಿಂದಲೆಂಬುದನ್ನು ನೆನೆದರೆ, ಆ ಕಾಲದ ಮಂಗಳೂರಿನ ಮುದ್ರಣ ಎಷ್ಟು ಬಗೆಯ ವಿದ್ಯೆಗೆ ಆಸರೆಯಾಗಿತ್ತೆಂಬುದು ತಿಳಿಯುತ್ತದೆ. ಥಾಮಸ್ ಅವರು ಬರಿಯ ಬೇಟೆಗಾರರಲ್ಲ. ಸಣ್ಣ ಕಣ್ಣಿನ ಬಲೆಗಳಿಂದ ಮರಿಗಳನ್ನೆಲ್ಲ ಬಾಚುವುದು, ನೀರಿಗೆ ವಿಷ ಬೆರೆಸುವುದು, ಇವು ಜನರ ಆಹಾರವನ್ನೇ ನಾಶಮಾಡುತ್ತವೆ ಎಂದು ಅವರು ವಾದಿಸಿದರು. ಡೇ ಅವರೂ 1873ರಲ್ಲಿ ಸಿಹಿನೀರಿನ ಮೀನುಗಾರಿಕೆಯನ್ನು ಕುರಿತ ವರದಿಯಲ್ಲಿ ಇದೇ ಕಳವಳವನ್ನು ತೋಡಿಕೊಂಡರು. ಕೂಳಿಯನ್ನು ಒಡ್ಡುವುದನ್ನೂ, ಕಾರೆಕಾಯಿ ಜಜ್ಜಿ ಮಡುವಿಗೆ ಹಾಕುವುದನ್ನೂ, ಮೊದಲ ಮಳೆಗೆ ಹತ್ತುಮೀನು ಹಿಡಿಯುವುದನ್ನೂ ಕಂಡು ಬೆಳೆದ ಮಲೆನಾಡಿನವರಿಗೆ ಈ ಮಾತಿನ ತಿರುಳು ಬೇಗ ಅರ್ಥವಾಗುತ್ತದೆ. ಹತ್ತುಮೀನು ಮೊಟ್ಟೆಯಿಡಲು ಹೊರಟ ಮೀನು. ಅದನ್ನು ಹಿಡಿದವನು ಮುಂದಿನ ವರ್ಷದ ಮೀನನ್ನೂ ಹಿಡಿದಂತೆಯೇ.

ಇಂಥ ಆಲೋಚನೆಗಳ ನಡುವೆ ಕಾಯಿದೆಗಳು ಹುಟ್ಟಿದವು. ನೀಲಗಿರಿಯ ಬೇಟೆಗಾರರು 1877ರಲ್ಲಿ ಬೇಟೆಯ ಪ್ರಾಣಿಗಳ ಮತ್ತು ಮೀನುಗಳ ರಕ್ಷಣೆಗೆಂದು ಒಂದು ಸಂಘ ಕಟ್ಟಿದರು. 1879ರಲ್ಲಿ ಮದರಾಸು ಸರ್ಕಾರ ನೀಲಗಿರಿಯ ಬೇಟೆ ಮತ್ತು ಮೀನು ರಕ್ಷಣೆಯ ಕಾಯಿದೆಯನ್ನು ಜಾರಿಗೆ ತಂದಿತು. ವರ್ಷದ ಇಂಥ ತಿಂಗಳಲ್ಲಿ ಇಂಥ ಪ್ರಾಣಿಯನ್ನು ಕೊಲ್ಲಬಾರದೆಂದು ವಿಧಿಸುವ, ಹೊಳೆ ಕೆರೆಗಳ ಮೀನುಗಾರಿಕೆಗೆ ನಿಯಮ ಮಾಡುವ ಅಧಿಕಾರ ಸರ್ಕಾರಕ್ಕೆ ಅದರಿಂದ ದೊರೆಯಿತು. ಗಮನಿಸಬೇಕಾದ ಸಂಗತಿಯೆಂದರೆ, ಟ್ರೌಟ್ ಆಗ ಇನ್ನೂ ಅಲ್ಲಿ ನೆಲೆಸಿರಲಿಲ್ಲ. ಮೀನಿಗಿಂತ ಮೊದಲೇ ಅದರ ಕಾಯಿದೆ ಸಿದ್ಧವಾಗಿತ್ತು. ಇಡೀ ದೇಶಕ್ಕೆ ಅನ್ವಯಿಸುವ ಮೀನುಗಾರಿಕೆ ಕಾಯಿದೆ ಬಂದದ್ದು 1897ರಲ್ಲಿ. ಸಿಡಿಮದ್ದು ಹಾಕಿ, ವಿಷ ಬೆರೆಸಿ ಮೀನು ಹಿಡಿಯುವುದು ಅಪರಾಧವೆಂದು ಅದು ಸಾರಿತು.

ಟ್ರೌಟ್ ಕೊನೆಗೂ ನೆಲೆಯೂರಿದ್ದು ಎಚ್. ಸಿ. ವಿಲ್ಸನ್ ಎಂಬ ಸರ್ಕಾರಿ ತಜ್ಞರ ಕಾಲದಲ್ಲಿ. 1907ರಲ್ಲಿ ಅವಲಾಂಚಿಯಲ್ಲಿ ಮೀನುಮರಿ ಮಾಡುವ ಕೇಂದ್ರ ಸಿದ್ಧವಾಯಿತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿ ಗುಡ್ಡ ಕುಸಿದದ್ದರಿಂದ ಆ ಸ್ಥಳಕ್ಕೆ ಅವಲಾಂಚಿ ಎಂಬ ಹೆಸರು. ಮರುವರ್ಷ, 1908ರಲ್ಲಿ, ಬೆಟ್ಟದ ರೈಲು ಉದಕಮಂಡಲವನ್ನು ಮುಟ್ಟಿತು. ಯುರೋಪಿನ ಕಂದು ಬಣ್ಣದ ಬ್ರೌನ್ ಟ್ರೌಟ್ ಇಲ್ಲಿ ವಂಶ ಬೆಳೆಸದಿರುವುದನ್ನು ಕಂಡು, ಅಮೆರಿಕದ ಶಾಂತಸಾಗರದ ಕರಾವಳಿಯ ನದಿಗಳಿಂದ ಹೊರಟು ಆ ವೇಳೆಗೆ ಸಿಲೋನಿನ ಬೆಟ್ಟಗಳನ್ನೂ ಸೇರಿದ್ದ ರೇನ್‌ಬೋ ಟ್ರೌಟನ್ನು ತರಿಸಿದರು. ಇದರ ಪಕ್ಕೆಯಲ್ಲಿ ಕಾಮನಬಿಲ್ಲಿನಂತೆ ಕೆಂಪು ಛಾಯೆಯ ಪಟ್ಟೆಯಿರುವುದರಿಂದ ಈ ಹೆಸರು. ಬ್ರೌನ್ ಟ್ರೌಟಿಗಿಂತ ತುಸು ಹೆಚ್ಚು ಬಿಸಿಯನ್ನು ತಾಳುವ ಜಾತಿ ಇದು. 1909, 1910ರ ವೇಳೆಗೆ ಬಂದ ಈ ಮೀನು ನೀಲಗಿರಿಯ ನೀರಿಗೆ ಒಗ್ಗಿತು, ಮರಿ ಮಾಡಿತು.

ಇದು ನೀಲಗಿರಿಯೊಂದರ ಕಥೆಯಲ್ಲ. ಕಾಶ್ಮೀರದಲ್ಲಿ 1900ರಲ್ಲಿ, ಕುಲು ಕಣಿವೆಯಲ್ಲಿ 1909ರಲ್ಲಿ ಬ್ರೌನ್ ಟ್ರೌಟ್ ನೆಲೆಸಿತು. ಅಲ್ಲಿ ಹಿಮ ಕರಗಿದ ನೀರು. ಇಲ್ಲಿ ಹುಲ್ಲುಗಾವಲು ಮತ್ತು ಶೋಲಾ ಕಾಡು ಹೀರಿಕೊಂಡು ನಿಧಾನವಾಗಿ ಬಿಟ್ಟುಕೊಡುವ ಮಳೆಯ ನೀರು. ಉಷ್ಣವಲಯದೊಳಗೆ ಇದ್ದೂ ಟ್ರೌಟ್ ಬದುಕುವ ಹೊಳೆಗಳು ಲೋಕದಲ್ಲಿ ವಿರಳ.

ನಾನು ಅಧ್ಯಾಪಕನಾಗಿದ್ದ ಕಾಲದಲ್ಲಿ ಬಡಗ ನುಡಿಯ ಪದಗಳನ್ನು ಸಂಗ್ರಹಿಸಲೆಂದು ಆ ಕಡೆ ಹೋದಾಗ ಅವಲಾಂಚಿಯ ತೊಟ್ಟಿಗಳನ್ನು ನೋಡುವ ಅವಕಾಶ ದೊರೆತಿತ್ತು. ಅಲ್ಲಿನ ಕೆಲಸದಲ್ಲಿ ಸೂಲಗಿತ್ತಿಯ ಕೆಲಸದ ನಾಜೂಕು ಇದೆ. ಬಸುರಾದ ಹೆಣ್ಣು ಮೀನನ್ನು ಒದ್ದೆ ಕೈಯಲ್ಲಿ ಹಿಡಿದು, ಹೊಟ್ಟೆಯನ್ನು ಮೇಲಿನಿಂದ ಕೆಳಕ್ಕೆ ಹಗುರವಾಗಿ ನೇವರಿಸಿದರೆ ಕಿತ್ತಳೆ ಬಣ್ಣದ ಮೊಟ್ಟೆಗಳು ಬಟ್ಟಲಿಗೆ ಉದುರುತ್ತವೆ. ಗಂಡು ಮೀನಿನ ರೇತಸ್ಸನ್ನು ಅವುಗಳ ಮೇಲೆ ಹಿಂಡಿ ಗರಿಯಿಂದಲೋ ಬೆರಳಿನಿಂದಲೋ ಮೆಲ್ಲನೆ ಕಲಸುತ್ತಾರೆ. ಆಮೇಲೆ ಹರಿವ ನೀರಿನ ತಟ್ಟೆಗಳಲ್ಲಿ ಹರಡಿ ಕಾಯುವುದು. ನೀರು ಹತ್ತು ಡಿಗ್ರಿಯಷ್ಟು ತಣ್ಣಗಿದ್ದರೆ ಸುಮಾರು ಒಂದು ತಿಂಗಳಿಗೆ ಮರಿ ಹೊರಬರುತ್ತದೆ. ಸತ್ತ ಮೊಟ್ಟೆ ಬೆಳ್ಳಗಾಗುತ್ತದೆ; ಅದನ್ನು ಒಡನೆ ಆರಿಸಿ ತೆಗೆಯದಿದ್ದರೆ ಬೂಷ್ಟು ಹಬ್ಬಿ ನೆರೆಯ ಮೊಟ್ಟೆಗಳನ್ನೂ ಕೊಲ್ಲುತ್ತದೆ. ಮರಿಗಳು ಬೆರಳುದ್ದವಾದ ಮೇಲೆ ಹೊಳೆಗೆ ಬಿಡುವುದು.

ಪೈಕಾರದ ಮೇಲ್ಭಾಗ, ಮುಕುರ್ತಿಯ ಸುತ್ತಣ ತೊರೆಗಳು, ಅವಲಾಂಚಿ, ಎಮರಾಲ್ಡ್, ಮೇಲಿನ ಭವಾನಿ, ಪಡುವಣದ ಹುಲ್ಲುಗಾವಲಿನ ಹಳ್ಳಗಳು: ಗಾಳದವರ ಬಾಯಲ್ಲಿ ಈ ಹೆಸರುಗಳು ತೀರ್ಥಕ್ಷೇತ್ರಗಳಂತಾದವು. ಟ್ರೌಟ್ ಎಲ್ಲೆಂದರಲ್ಲಿ ನಿಲ್ಲುವ ಮೀನಲ್ಲ. ನೀರು ಕಲ್ಲಿಗೆ ಬಡಿದು ನೊರೆಯೇಳಬೇಕು, ಗಾಳಿ ಅದರಲ್ಲಿ ಬೆರೆಯಬೇಕು, ಬಳಿಯಲ್ಲೇ ಒಂದು ಮಡು ಇರಬೇಕು. ಪ್ರವಾಹಕ್ಕೆ ಮುಖಮಾಡಿ, ಬಂಡೆಯ ಮರೆಯಲ್ಲಿ ನಿಂತು, ಮೇಲಿನಿಂದ ತೇಲಿಬರುವ ಹುಳುವನ್ನು ಅದು ಕಾಯುತ್ತದೆ.

ಇನ್ನು ಕಟ್ಟಳೆಗಳ ಮಾತು. ಟ್ರೌಟ್ ನೀರಿನ ನಿಯಮಗಳು ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ ಅಚ್ಚಿನವು. ಪರವಾನಗಿಯಿಲ್ಲದೆ ಗಾಳ ಹಾಕಬಾರದು. ಬಲೆ ಬೀಸಬಾರದು. ಇಷ್ಟು ಉದ್ದಕ್ಕಿಂತ ಚಿಕ್ಕದಾದ ಮೀನು ಸಿಕ್ಕಿದರೆ ನೀರಿಗೇ ಬಿಡಬೇಕು. ದಿನಕ್ಕೆ ಇಷ್ಟೇ ಎಂಬ ಮಿತಿಯನ್ನು ಮೀರಬಾರದು. ಮೊಟ್ಟೆಯಿಡುವ ಕಾಲದಲ್ಲಿ ಹೊಳೆಗೆ ರಜೆ. ಹಿಮಾಚಲ ಪ್ರದೇಶದಲ್ಲಿ ನವೆಂಬರ್ ಮೊದಲ ದಿನದಿಂದ ಫೆಬ್ರವರಿ ಕೊನೆಯವರೆಗೆ ಟ್ರೌಟ್ ಹಿಡಿಯುವಂತಿಲ್ಲ. ಪ್ರತಿಯೊಂದು ನಿಯಮದ ಹಿಂದೆಯೂ ಸರಳವಾದ ಒಂದು ಲೆಕ್ಕವಿದೆ: ಪ್ರತಿ ಮೀನೂ ಒಮ್ಮೆಯಾದರೂ ಮರಿ ಮಾಡುವವರೆಗೆ ಬದುಕಲಿ. ಬಡ್ಡಿಯನ್ನು ತಿನ್ನು, ಅಸಲನ್ನು ಮುಟ್ಟಬೇಡ ಎಂದು ನಮ್ಮ ಹಿರಿಯರು ಹೇಳುತ್ತಿದ್ದ ಮಾತೇ ಇದು.

ಈ ಕಟ್ಟಳೆಗಳಿಂದ ಆದ ಉಪಕಾರವನ್ನು ಮರೆಯಲಾಗದು. ಕಾಡಿಗೂ ಹೊಳೆಗೂ ಕಾವಲುಗಾರರು ಬಂದರು. ಬೇಟೆಗಾರರ ಆ ಸಂಘವೇ ಕ್ರಮೇಣ ವನ್ಯಜೀವಿಗಳ ರಕ್ಷಣೆಯ ಸಂಘವಾಗಿ ಮಾರ್ಪಟ್ಟಿತು. ಅದರ ಪದಾಧಿಕಾರಿಯಾಗಿದ್ದ ಇ. ಆರ್. ಸಿ. ಡೇವಿಡಾರ್ ಅವರು 1963ರಲ್ಲಿಯೂ 1975ರಲ್ಲಿಯೂ ಬೆಟ್ಟಗಳನ್ನು ಸುತ್ತಿ ನೀಲಗಿರಿ ಥಾರ್ ಎಂಬ ಕಾಡು ಮೇಕೆಗಳ ಗಣತಿ ಮಾಡಿದರು. ಮುಕುರ್ತಿಯ ಪ್ರದೇಶ 1982ರಲ್ಲಿ ಅಭಯಾರಣ್ಯವಾಗಿ, 1990ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಗಾಳದವರು ಹೊಗಳುತ್ತಿದ್ದ ಎಷ್ಟೋ ನೀರುಗಳು ಈಗ ಅದರೊಳಗಿವೆ. ಅಲ್ಲಿಗೆ ಕಾಲಿಡಲೂ ಅರಣ್ಯ ಇಲಾಖೆಯ ಅಪ್ಪಣೆ ಬೇಕು.

ಆದರೆ ಇತಿಹಾಸ ಬರೆಯುವವನು ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ರೀಲು, ಕೋಲು, ಪರವಾನಗಿಯ ಹಣ, ಬಿಡುವು, ಇಷ್ಟೂ ಉಳ್ಳವನು ಹಿಡಿದರೆ ವಿನೋದ. ಹೊಟ್ಟೆಗಾಗಿ ಬಲೆ ಬೀಸಿದವನು ಕಳ್ಳ. ಆಹಾರವನ್ನು ಕಾಯಬೇಕೆಂದು ಥಾಮಸ್ ಅವರು ಮಂಗಳೂರಿನಲ್ಲಿ ಕುಳಿತು ಬರೆದದ್ದಕ್ಕೂ, ಬೆಟ್ಟದ ಮೇಲೆ ಹುಸಿನೊಣದ ಸೊಗಸನ್ನು ಕಾಯಲು ಹೊರಟದ್ದಕ್ಕೂ ಅಂತರವಿದೆ. ಒಂದೇ ಬಗೆಯ ನಿಯಮವಾದರೂ ಉದ್ದೇಶ ಬೇರೆಯಾದಾಗ ಅದರ ನ್ಯಾಯವೂ ಬೇರೆಯಾಗುತ್ತದೆ.

ಎರಡನೆಯ ಕೊರತೆ ಇನ್ನೂ ಆಳವಾದದ್ದು. ಟ್ರೌಟ್ ಮಾಂಸಾಹಾರಿ. ಹುಳುಗಳನ್ನೂ ತನಗಿಂತ ಚಿಕ್ಕ ಮೀನುಗಳನ್ನೂ ತಿಂದು ಬೆಳೆಯುವಂಥದು. ಅದನ್ನು ಕಾಪಾಡುವ ನಿಯಮ ಮಾಡಿದವರು, ಅದು ತಿನ್ನುವ ಮೀನನ್ನು ಯಾರು ಕಾಪಾಡಬೇಕೆಂದು ಕೇಳಿಕೊಳ್ಳಲಿಲ್ಲ. ಡೇ ಅವರು ಹೆಸರಿಟ್ಟ ನೀಲಗಿರಿ ಡೇನಿಯೊ ಇಂದು ಅಳಿವಿನಂಚಿಗೆ ಬಂದ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ. ತಪ್ಪೆಲ್ಲ ಟ್ರೌಟಿನದೇ ಎನ್ನುವುದು ಅನ್ಯಾಯವಾದೀತು. 1939ರಲ್ಲಿ ಸಿಲೋನಿನಿಂದ ತಂದ ಗೆಂಡೆ ಮೊದಲಾದ ಎಷ್ಟೋ ಹೊರಗಿನ ಮೀನುಗಳು ಆ ನೀರನ್ನು ಸೇರಿದವು. ತರಕಾರಿ ತೋಟಗಳ ಔಷಧ, ಊರಿನ ಕೊಳೆ, 1930ರ ದಶಕದ ಪೈಕಾರ ಮುಕುರ್ತಿ ಯೋಜನೆಗಳಿಂದ ಹಿಡಿದು ಕುಂದಾ ಯೋಜನೆಯವರೆಗೆ ಎದ್ದ ಅಣೆಕಟ್ಟುಗಳು, ಹುಲ್ಲುಗಾವಲನ್ನು ಮುಚ್ಚಿದ ನೀಲಗಿರಿ ಮರ ಮತ್ತು ವಾಟಲ್ ತೋಪುಗಳು, ಎಲ್ಲಕ್ಕೂ ಇದರಲ್ಲಿ ಪಾಲುಂಟು. 2019ರ ಆಗಸ್ಟಿನಲ್ಲಿ ಅವಲಾಂಚಿಯಲ್ಲಿ ಒಂದೇ ದಿನ 80 ಸೆಂಟಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ಅಂಥ ಮಳೆಯನ್ನು ಹಿಡಿದು ನಿಧಾನವಾಗಿ ಬಿಡುವ ಶೋಲಾ ಕಾಡು ಕ್ಷೀಣಿಸಿದರೆ ಅತಿಥಿ ಮೀನಿಗೂ ಉಳಿಗಾಲವಿಲ್ಲ, ಮನೆಯ ಮೀನಿಗೂ ಉಳಿಗಾಲವಿಲ್ಲ.

ಇದೇ ಪಾಠವನ್ನು ಕಾವೇರಿಯೂ ನಮಗೆ ಕಲಿಸಿದೆ. ಬೆನ್ನ ಮೇಲೆ ಗೂನಿರುವ ದೊಡ್ಡ ಮಹಶೀರ್ ಕಾವೇರಿಯ ಸ್ವಂತ ಮೀನು. 1970ರ ದಶಕದಿಂದ ಒಳ್ಳೆಯ ಉದ್ದೇಶದಿಂದಲೇ ಬೇರೊಂದು ಜಾತಿಯ ಮಹಶೀರಿನ ಮರಿಗಳನ್ನು ನದಿಗೆ ಬಿಟ್ಟರು. ಬಿಟ್ಟ ಮೀನು ಹೆಚ್ಚಿತು. ಮೂಲದ ಮೀನು ಕಣ್ಮರೆಯಾಗುತ್ತ ಬಂದಿತು. ಅದು ಯಾವ ಜಾತಿಯೆಂದು ವಿಜ್ಞಾನಿಗಳು ಖಚಿತವಾಗಿ ಗುರುತಿಸಿ ಹೇಳುವ ಹೊತ್ತಿಗೆ 2018 ಬಂದಿತ್ತು. ಆ ವೇಳೆಗೆ ಅದು ತೀವ್ರ ಅಪಾಯದ ಅಂಚಿನಲ್ಲಿತ್ತು. ಮೀನು ಕಡಿಮೆಯಾಯಿತೆಂದರೆ ಮರಿ ತಂದು ಬಿಡುವುದು ಸುಲಭವಾದ ಪರಿಹಾರ. ಯಾವ ಮೀನು ಕಡಿಮೆಯಾಯಿತು, ಏಕೆ ಆಯಿತು ಎಂದು ಕೇಳುವುದು ಕಷ್ಟದ ಕೆಲಸ.

ಶೃಂಗೇರಿಯ ತುಂಗೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳಿವೆ. ಅಲ್ಲಿ ಪರವಾನಗಿಯಿಲ್ಲ, ಅಳತೆಗೋಲಿಲ್ಲ, ದಿನದ ಮಿತಿಯಿಲ್ಲ. ಹಿಡಿಯಬಾರದೆಂಬ ಒಂದೇ ಮಾತು. ಆ ಗುಂಡಿಗಳಲ್ಲಿ ದೊಡ್ಡ ಮೀನಿನ ಜೊತೆಗೆ ಯಾರೂ ಲೆಕ್ಕಿಸದ ಚಿಕ್ಕ ಮೀನುಗಳೂ ನಿಶ್ಚಿಂತೆಯಾಗಿ ಇರುತ್ತವೆ. ಏಕೆಂದರೆ ಅಲ್ಲಿ ಕಾವಲಿರುವುದು ಒಂದು ಜಾತಿಗಲ್ಲ, ಒಂದು ನೀರಿಗೆ. ತೊದವರು ಪೈಕಾರವನ್ನು ದಾಟುವಾಗ ಪಾಲಿಸುತ್ತಿದ್ದ ಮರ್ಯಾದೆಯೂ ಅಂಥದೇ. ಆದರೆ ಭಕ್ತಿಯೊಂದರಿಂದಲೇ ಎಲ್ಲವೂ ಉಳಿಯುತ್ತದೆಂದು ಹೇಳುವ ಧೈರ್ಯ ನನಗಿಲ್ಲ. 1996ರಲ್ಲಿ ಶಿಶಿಲದ ಹೊಳೆಗೆ ದುಷ್ಕರ್ಮಿಗಳು ವಿಷ ಹಾಕಿ ಸಾವಿರಾರು ಮೀನುಗಳನ್ನು ಕೊಂದರು. ಭಕ್ತಿಗೆ ಕಾಯಿದೆಯ ಕಾವಲು ಬೇಕು. ಕಾಯಿದೆಗೆ ಭಕ್ತಿಯ ವೈಶಾಲ್ಯ ಬೇಕು.

ಟ್ರೌಟ್ ನೀಲಗಿರಿಗೆ ಬಂದು ನೂರು ವರ್ಷಗಳ ಮೇಲಾಯಿತು. ಅದನ್ನು ಈಗ ಹೊರಹಾಕಬೇಕೆಂದು ನಾನು ವಾದಿಸುತ್ತಿಲ್ಲ. ತಣ್ಣಗಿನ ಶುದ್ಧವಾದ ನೀರಿದ್ದರೆ ಮಾತ್ರ ಬದುಕುವ ಜೀವಿಯಾದ್ದರಿಂದ, ಅದು ಇರುವವರೆಗೆ ಆ ಹೊಳೆ ಕೆಟ್ಟಿಲ್ಲವೆಂಬುದಕ್ಕೆ ಒಂದು ಸಾಕ್ಷಿಯಾದರೂ ಇರುತ್ತದೆ. ಆದರೆ ಇನ್ನೂ ಟ್ರೌಟ್ ಸೇರದ ಮೇಲಿನ ತೊರೆಗಳೇನಾದರೂ ಇದ್ದರೆ ಅವುಗಳಿಗೆ ಹೊರಗಿನ ಮರಿಗಳನ್ನು ಬಿಡದಿರುವುದು ವಿವೇಕ. ಅಲ್ಲಿನ ಚಿಕ್ಕ ಮೀನಿನ ಲೆಕ್ಕವನ್ನು ದೊಡ್ಡ ಮೀನಿನ ಲೆಕ್ಕದಷ್ಟೇ ಶ್ರದ್ಧೆಯಿಂದ ಇಡುವುದು ಕರ್ತವ್ಯ. ಆ ನೀರು ಕೆಳಗಿಳಿದು ಕಾವೇರಿಗೆ ಬರುತ್ತದೆ. ಬೆಟ್ಟದ ತುದಿಯ ಹಳ್ಳದಲ್ಲಿ ಬೆರಳುದ್ದದ ಒಂದು ಮೀನು ಉಳಿಯಿತೋ ಇಲ್ಲವೋ ಎಂಬುದು ಬಯಲಿನ ಗದ್ದೆಯವನಿಗೂ ಸಂಬಂಧಿಸಿದ ಸಂಗತಿ.